ಊರಿಗೊಂದು ಆಟ-ಹರಟೆಯ ಜಾಗ ಕಟ್ಟುವುದು ಹೇಗೆ?

ನಮ್ಮೂರಿನ ಸಮುದಾಯ ಭವನಕ್ಕೆ ತಗಡಿನ ಶೀಟ್ ಹಾಕಿ, ಸುತ್ತಲೂ ಕಾಂಕ್ರೀಟ್ ಸುರಿದರು. ಈಗ ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗುವುದಿಲ್ಲ, ಜುಲೈನಲ್ಲಿ ಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ನಿಮ್ಮೂರಲ್ಲಿ ಹಾಗಾಗುವುದು ಬೇಡ.

ಮೊದಲು ನಕ್ಷೆ ಬರೆಸಬೇಡಿ. ಒಂದು ಮಳೆಗಾಲ ಪೂರ್ತಿ ಜಾಗ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೂಟ ಹೊಡೆದು ಗುರುತು ಮಾಡಿ. ನೀರು ನಿಲ್ಲುವಲ್ಲಿ ಇಂಗುಗುಂಡಿ ತೋಡಿ, ಕಟ್ಟಡ ಎತ್ತರದ ಕಡೆ ಬರಲಿ.

ನಮ್ಮ ಹಾಸನ ಒಂದೇ ಜಿಲ್ಲೆಯಾದರೂ ಸಕಲೇಶಪುರದ ಮಳೆಯೇ ಬೇರೆ, ಅರಸೀಕೆರೆಯ ಮಳೆಯೇ ಬೇರೆ, ಹಾಗಿರುವಾಗ ಎರಡೂ ಕಡೆ ಒಂದೇ ನಕ್ಷೆ ಹೇಗೆ ಸರಿಹೋಗುತ್ತದೆ? ಸಕಲೇಶಪುರದ ಕಡೆಯಾದರೆ ಇಳಿಜಾರು ಹೆಂಚಿನ ಮಾಡು, ಮೂರಡಿ ಚಾಚಿದ ಸೂರು, ಪಡುವಣಕ್ಕೆ ಅಗಲವಾದ ಜಗಲಿ ಬೇಕೇ ಬೇಕು, ಯಾಕೆಂದರೆ ಮುಂಗಾರಿನ ಎರಚಲು ಬಡಿಯುವುದು ಆ ಕಡೆಯಿಂದ. ಅರಸೀಕೆರೆಯಲ್ಲಿ ನೀರು ಕೂಡಿಡುವುದೇ ದೊಡ್ಡ ಕೆಲಸ. ಲೆಕ್ಕ ಸುಲಭ: 100 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ವರ್ಷಕ್ಕೆ 600 ಮಿಲಿಮೀಟರ್ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ 48 ಸಾವಿರ ಲೀಟರ್ ಸಿಗುತ್ತದೆ! ಸುಮ್ನೆ ಚರಂಡಿಗೆ ಬಿಡುವುದು ಯಾಕೆ?

ಹಳೇಬೀಡಿನ ಹತ್ತಿರ ಹುಲಿಕೆರೆಯ ಕಲ್ಯಾಣಿ ನೋಡಿದ್ದೀರಲ್ವಾ? ನೀರಿನ ಸುತ್ತ ಮೆಟ್ಟಿಲು, ಮೆಟ್ಟಿಲ ಮೇಲೆ ಜನ. ಹಾಗೇ ಇಂಗುಗುಂಡಿಯ ಅಂಚಿಗೂ ಕಲ್ಲಿನ ಮೆಟ್ಟಿಲು ಕಟ್ಟಿ. ಮಕ್ಕಳು ಓಡಾಡುವ ಜಾಗ, ಹಾಗಾಗಿ ಆಳ ಮೊಣಕಾಲುದ್ದ ಮೀರದಿರಲಿ. ಕೂಡಿಟ್ಟ ನೀರಿನ ತೊಟ್ಟಿಗೆ ಗಟ್ಟಿ ಮುಚ್ಚಳ ಇರಲಿ.

ಕಟ್ಟಡದ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡಲಿ, ಸಂಜೆ ಬಿಸಿಲು ಕಡಿಮೆ ತಾಗುತ್ತದೆ. ಗೋಡೆಗೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಎಂಬ ಇಟ್ಟಿಗೆ ಜೋಡಿಸುವ ಬಗೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವುದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೂ ತಂಪು.

ಹಳೆ ಮರ ಕಡಿಯಲೇಬೇಡಿ, ಅದರ ಬುಡಕ್ಕೆ ಕಟ್ಟೆ ಕಟ್ಟಿ. ಹೊಸದಾಗಿ ಹೊಂಗೆ, ನೇರಳೆ, ಹಲಸು ನೆಡಿ. ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ಲಾವಂಚ ಹಿಡಿದುಕೊಳ್ಳುತ್ತದೆ. ಹುಲ್ಲುಹಾಸು ಚಂದ, ಆದರೆ ನೀರು ಜಾಸ್ತಿ ಕುಡಿಯುತ್ತದೆ, ಬೇಡ.

ಒಂದು ಮಾತು, ಹೆಂಗಸರನ್ನು ಕೇಳದೆ ಏನನ್ನೂ ಗಟ್ಟಿ ಮಾಡಬೇಡಿ. ಶೌಚಾಲಯ ಎಲ್ಲಿರಬೇಕು, ದೀಪ ಎಲ್ಲಿ ಬೇಕು ಅಂತ ಅವರು ಹೇಳಲಿ. ಜಗಲಿ ಒಂದಡಿ ಎತ್ತರವಿದ್ದರೆ ಗಾಲಿಕುರ್ಚಿಗೆ 12 ಅಡಿ ಉದ್ದದ ಇಳಿಜಾರು ಬಿಡಿ. ಮೇ ತಿಂಗಳಲ್ಲಿ ಮಾಡಿನ ಪೈಪು ತೊಳೆಯುವ ಪಾಳಿ ಯಾರದು ಎಂದು ಈಗಲೇ ಬರೆದಿಡಿ, ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಿ.