ಹೊಲಿಗೆಯೇ ಇಲ್ಲದ ಹತ್ತಿ ಸ್ವೆಟರ್: ಜೋತು ಬೀಳದ ಹಾಗೆ ನಾನು ಹೆಣೆದ ಬಗೆ

ಹೋದ ಮಳೆಗಾಲ ಪೂರ್ತಿ ವಾಷಿಂಗ್ ಮಷೀನಿಗೆ ಹಾಕಿ ತೊಳೆದದ್ದಾಯ್ತು. ತಂಗಿಯ ಮಗಳ ಸ್ವೆಟರ್ ಇನ್ನೂ ಸೊಂಟದ ಹತ್ತಿರವೇ ನಿಂತಿದೆ. ಕತ್ತು ಅಗಲ ಆಗಿಲ್ಲ, ತೋಳು ಅಂಗೈ ಮುಚ್ಚಿಲ್ಲ. ಟೇಪ್ ಹಿಡಿದು ನೋಡಿದರೆ ಅಂದುಕೊಂಡ ಉದ್ದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚಿರಬಹುದು, ಅಷ್ಟೇ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹತ್ತಿಯೇ ಹೆಚ್ಚಿರುವ ದಾರದಲ್ಲಿ, ಕತ್ತಿನಿಂದ ಕೆಳಕ್ಕೆ, ಒಂದು ಕಡೆಯೂ ಜೋಡಿಸಿ ಹೊಲಿಯದೆ ಮಗುವಿನ ಸ್ವೆಟರ್ ಹೆಣೆಯಬಹುದು.

'ಆಗಲ್ಲ' ಅಂದವರೇ ಜಾಸ್ತಿ. ಸರಸ್ವತಿಪುರಂನಲ್ಲಿರುವ ನಮ್ಮ ದೊಡ್ಡಮ್ಮ ನಲವತ್ತು ವರ್ಷದಿಂದ ಕಡ್ಡಿ ಹಿಡಿದವರು. "ಹತ್ತಿಗೆ ಉಲ್ಲನ್ ಥರ ಎಳೆದರೆ ವಾಪಸ್ ಬರೋ ಗುಣ ಇಲ್ಲ ಕಣೇ. ಭುಜ, ಪಕ್ಕದಲ್ಲಿ ಹೊಲಿಗೆ ಇದ್ದರೆ ಅದು ಭಾರ ಹಿಡಿಯುತ್ತೆ. ಹೊಲಿಗೆನೇ ಇಲ್ಲ ಅಂದ್ರೆ ನಾಲ್ಕು ಒಗೆತಕ್ಕೆ ಮಂಡಿಗೆ ಬರುತ್ತೆ ನೋಡು" ಅಂದರು. ಕಾರಣ ಅವರು ಹೇಳಿದ್ದೇ ಸರಿ. ಆದರೆ ಆ ಭಾರ ಹಿಡಿಯೋಕೆ ಹೊಲಿಗೆಯೇ ಆಗಬೇಕು ಅಂತೇನಿಲ್ಲ.

ಹತ್ತಿಯೇ ಯಾಕೆ? ಮೈಸೂರಿನ ಚಳಿ ಎಷ್ಟು ಅಂತ ನಮಗೆಲ್ಲ ಗೊತ್ತು. ಧನುರ್ಮಾಸದ ಬೆಳಗ್ಗೆ 15–16 ಡಿಗ್ರಿ ಇರುತ್ತೆ. ಸ್ಕೂಟರಿನ ಮುಂದೆ ನಿಂತ ಮಗುವಿಗೆ ಗಾಳಿ ಹೊಡೆಯುತ್ತೆ. ಹತ್ತು ಗಂಟೆಗೆ ಬಿಸಿಲು ಏರಿದರೆ ಅಕ್ರಿಲಿಕ್ ಒಳಗೆ ಬೆನ್ನು ಬೆವರುತ್ತೆ, ಮಗು ಕಿತ್ತೆಸೆಯುತ್ತೆ. ಅದಕ್ಕೇ ಮುಂದೆ ಗುಂಡಿ ಇರಬೇಕು, ದಾರ ಬೆವರು ಹೀರಬೇಕು. ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಹೆಚ್ಚುಕಡಿಮೆ ಎದೆಯಷ್ಟೇ ಇರುತ್ತೆ. ತಲೆ ಮೇಲಿಂದ ಹಾಕುವ ಸ್ವೆಟರ್ ಆದರೆ ದಿನಾ ಜಗಳವೇ.

ಮೊದಲು ದುಡ್ಡು ಹೋಗಿದ್ದು ಅಪ್ಪಟ ಹತ್ತಿಯಲ್ಲಿ. ಸುಮಾರು ಎರಡು ಸಾವಿರ ರೂಪಾಯಿಯ ದಾರ ಮುಗಿಯಿತು. ಸ್ವೆಟರ್ ಒಂದೊಂದೂ 230 ಗ್ರಾಂ ತೂಗುತ್ತಿತ್ತು. ಒದ್ದೆಯಾದರೆ ಕೇಳಲೇಬೇಡಿ. ಹಗ್ಗದ ಮೇಲೆ ಹಾಕಿದ ಒಂದು ಸ್ವೆಟರ್ ನಾಲ್ಕು ಬೆರಳು ಉದ್ದ ಇಳಿಯಿತು. ಇನ್ನೊಂದರಲ್ಲಿ ಕೆಳಗಿನ ರಿಬ್ (ಸೀದಾ–ಉಲ್ಟಾ ಗೆರೆಗಳ, ಎಳೆದರೆ ಹಿಗ್ಗುವ ಅಂಚು) ಬಾಯಿ ಬಿಟ್ಟುಕೊಂಡಿತು. ನಡುವೆ ಒಬ್ಬ ಅಂಗಡಿಯವರು 'ಪೂರ್ತಿ ಹತ್ತಿ' ಅಂತ ಕೊಟ್ಟ ಉಂಡೆಯ ಎಳೆ ಸುಟ್ಟು ನೋಡಿದೆ. ಹತ್ತಿ ಆಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗಬೇಕು. ಇದು ಕರಗಿ ಗಟ್ಟಿ ಮಣಿಯಾಯಿತು. ಆವತ್ತಿನಿಂದ ಸುಟ್ಟು ನೋಡದೆ ದಾರ ತರುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಹತ್ತಿ–ಅಕ್ರಿಲಿಕ್ ಬೆರಕೆ. ಅರ್ಧಕ್ಕಿಂತ ಹೆಚ್ಚು ಹತ್ತಿ ಇರುವುದನ್ನೇ ಆರಿಸಿ. 100 ಗ್ರಾಂಗೆ 140–150 ರೂಪಾಯಿ. ಒಂದು ಸ್ವೆಟರಿಗೆ 170 ಗ್ರಾಂ ಸಾಕು. ಉಂಡೆಯ ಪಟ್ಟಿಯ ಮೇಲೆ 4 ಮಿ.ಮೀ. ಕಡ್ಡಿ ಅಂತಿರುತ್ತೆ, ನಾನು 3.5ರಲ್ಲೇ ಹಾಕುತ್ತೇನೆ. ಬಿಗಿಯಾಗಿ ಕೂರಬೇಕು. ಬಿದಿರಿನ ಕಡ್ಡಿ ಆದರೆ ಹತ್ತಿ ಜಾರುವುದಿಲ್ಲ. ನನ್ನ ಕೈಗೆ 10 ಸೆಂಟಿಮೀಟರಿಗೆ 22 ಸ್ಟಿಚ್ (ಕುಣಿಕೆ), 30 ಸಾಲು ಬರುತ್ತೆ.

ಸ್ಯಾಂಪಲ್ ತುಂಡನ್ನು ತೊಳೆದು, ಕೆಳಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತುಹಾಕಿ ಒಣಗಿಸಬೇಕು. ಇದೊಂದನ್ನು ಮಾತ್ರ ಬಿಡಬೇಡಿ. ಅಪ್ಪಟ ಹತ್ತಿಯ 10 ಸೆಂಟಿಮೀಟರ್ 11.5 ಆಯಿತು. ಬೆರಕೆಯದು 10.8ಕ್ಕೆ ನಿಂತಿತು. ಕಂಕುಳಿಂದ ಕೆಳಗೆ 16 ಬೇಕಾದರೆ 15ಕ್ಕೂ ಸ್ವಲ್ಪ ಮೊದಲೇ ನಿಲ್ಲಿಸುತ್ತೇನೆ. ಮಿಕ್ಕಿದ್ದು ತಾನಾಗಿ ಇಳಿಯುತ್ತೆ.

ಎರಡು ವರ್ಷದ ಮಗುವಿಗೆ ಕತ್ತಿಗೆ 66 ಸ್ಟಿಚ್ ಹಾಕಿಕೊಳ್ಳುತ್ತೇನೆ. ಮುಂಭಾಗ 12, ತೋಳು 8, ಬೆನ್ನು 26, ತೋಳು 8, ಮುಂಭಾಗ 12. ಮುಂದಿನ ಎರಡೂ ಅಂಚಿನ 5 ಸ್ಟಿಚ್ ಕೊನೆವರೆಗೂ ಗಾರ್ಟರ್ (ಎರಡೂ ಬದಿ ಒಂದೇ ಥರ ಕಾಣುವ ಹೆಣಿಗೆ), ಗುಂಡಿ ಪಟ್ಟಿಗೆ. ಹಿಂಗತ್ತು ಸ್ವಲ್ಪ ಎತ್ತರಿಸಲು ನಾಲ್ಕಾರು ಅರ್ಧ ಸಾಲು, ಅಂದರೆ ಕೊನೆವರೆಗೆ ಹೋಗದೆ ನಡುವೆಯೇ ತಿರುಗುವ ಸಾಲು. ಆಮೇಲೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ನಾಲ್ಕು ರ‍್ಯಾಗ್ಲನ್ ಗೆರೆಗಳ ಎರಡೂ ಕಡೆ, ಸೀದಾ ಬದಿಯ ಸಾಲಿನಲ್ಲೆಲ್ಲ 8 ಹೆಚ್ಚಿಸುತ್ತಾ 18 ಸಲ. 210 ಆಗುತ್ತೆ. ತೋಳುಗಳ 44–44 ಬೇರೆ ದಾರಕ್ಕೆ ಇಳಿಸಿ, ಒಂದೊಂದು ಕಂಕುಳಿಗೆ ಹೊಸದಾಗಿ 4 ಹಾಕಿದರೆ ಮೈಗೆ 130 ಉಳಿಯುತ್ತೆ. ಇಳಿಸಿಟ್ಟ ತೋಳುಗಳನ್ನು ಆಮೇಲೆ ಕಡ್ಡಿಗೆತ್ತಿ ಸುತ್ತಾಗಿ ಹೆಣೆಯುವುದು. ಕಂಕುಳಿನ ಆ ಮೂಲೆಯಲ್ಲಿ ತೂತು ಬೀಳುತ್ತೆ, ಎಲ್ಲರಿಗೂ ಬೀಳುತ್ತೆ. ನನಗೆ ಬೀಳುವುದಿಲ್ಲ. ಅದು ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ, ಆರ್ಡರ್ ತೆಗೆದುಕೊಳ್ಳುವವಳು ನಾನು.

ಕೆಳಗಂಚು, ತೋಳಿನ ಅಂಚು ಎರಡಕ್ಕೂ ರಿಬ್ ಬೇಡ, ಗಾರ್ಟರ್ ಹಾಕಿ. ಹತ್ತಿ ರಿಬ್ ಒಂದು ಸಲ ಹಿಗ್ಗಿದರೆ ಕುಗ್ಗುವುದಿಲ್ಲ.

ಈಗ ಭಾರ ಹಿಡಿಯುವ ವಿಷಯ. ಎಲ್ಲ ಮುಗಿದ ಮೇಲೆ ಒಳಮಗ್ಗುಲಿನಿಂದ ಹಿಂಗತ್ತಿನ ಉದ್ದಕ್ಕೂ ಕ್ರೋಶಾ ಕಡ್ಡಿಯಲ್ಲಿ ಬಿಗಿಯಾದ ಚೈನ್ ಓಡಿಸಿದೆ. ನಾಲ್ಕು ರ‍್ಯಾಗ್ಲನ್ ಗೆರೆಗಳಿಗೂ ಹಾಗೇ. ಈ ಚೈನ್ ಹಿಗ್ಗುವುದಿಲ್ಲ, ಸ್ವೆಟರಿನ ತೂಕ ಪೂರ್ತಿ ಅದರ ಮೇಲೆ ನಿಲ್ಲುತ್ತೆ. ಅರ್ಧ ಗಂಟೆಯ ಕೆಲಸ. ಮೊದಲೆಲ್ಲ ತುಂಡು ಜೋಡಿಸಿ ಹೊಲಿಯೋಕೆ ಮೂರ‍್ನಾಲ್ಕು ಗಂಟೆ ಹಿಡಿಯುತ್ತಿತ್ತು. ದೊಡ್ಡಮ್ಮ ಮಾತಾಡದೆ ಒಳಮಗ್ಗುಲು ತಿರುಗಿಸಿ ನೋಡಿದರು. ಮಾರನೇ ವಾರ "ಆ ಚೈನಿಗೆ ಯಾವ ನಂಬರ್ ಕಡ್ಡಿ ಹಿಡಿದಿದ್ದೆ?" ಅಂತ ಫೋನ್ ಬಂತು.

ಇದರ ಮಧ್ಯೆ ಖಾದಿ ನೂಲಿನ ಹುಚ್ಚೂ ಹಿಡಿದಿತ್ತು. ನಂಜನಗೂಡು ತಾಲ್ಲೂಕಿನ ಬದನವಾಳು ಗೊತ್ತಲ್ವಾ, ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ. ಆ ಥರದ ಕೈನೂಲು ತಂದು ಆರೇಳು ಎಳೆ ಒಟ್ಟಿಗೆ ಹಿಡಿದು ಹೆಣೆದೆ. ಮುಟ್ಟಿದರೆ ಮಗುವಿನ ಕೆನ್ನೆಯಷ್ಟು ಮೃದು. ಆದರೆ ಹೆಣಿಗೆ ಪೂರ್ತಿ ಒಂದೇ ಕಡೆಗೆ ವಾಲಿತು, ಚೌಕ ಹೋಗಿ ಓರೆಯಾಯಿತು. ಎಳೆಗಳೆಲ್ಲ ಒಂದೇ ದಿಕ್ಕಿಗೆ ಹುರಿಗೊಂಡಿರುತ್ತವೆ, ಅದಕ್ಕೆ ಹೀಗೆ. ಅದೇ ಎಳೆಗಳನ್ನು ಎದುರು ದಿಕ್ಕಿಗೆ ತಿರುಗಿಸಿ ಹುರಿ ಮಾಡಿಕೊಂಡರೆ ನೆಟ್ಟಗಾಗುತ್ತೆ. ಗಾರ್ಟರಿನಲ್ಲಿ ಹೆಣೆದರೂ ವಾಲುವುದು ತಿಳಿಯುವುದಿಲ್ಲ. ಒಂದು ಟೋಪಿ ಆಗುವಷ್ಟು ಹುರಿ ಮಾಡಿಟ್ಟುಕೊಂಡಿದ್ದೇನೆ. ಮುಂದಿನ ಚಳಿಗಾಲದೊಳಗೆ ಒಂದು ಸ್ವೆಟರ್ ಆಗಬೇಕು ಅನ್ನುವ ಆಸೆ ಇದೆ.

ಲೆಕ್ಕ ಹೇಳುತ್ತೇನೆ. ದಾರ 250, ಅರಸು ರಸ್ತೆ ಕಡೆಯಿಂದ ತಂದ 5 ಗುಂಡಿಗೆ 40. ಇಪ್ಪತ್ತು ಗಂಟೆ ಕೆಲಸ. ಬೆಲೆ 900. ಗಂಟೆಗೆ ಮೂವತ್ತು ರೂಪಾಯಿ ಚಿಲ್ಲರೆ ಬೀಳುತ್ತೆ. "ಅಂಗಡಿಯಲ್ಲಿ 300ಕ್ಕೆ ಸಿಗುತ್ತಲ್ಲ" ಅನ್ನುವವರಿಗೆ ನಾನು ಕಡಿಮೆ ಮಾಡುವುದಿಲ್ಲ. ಅಂಗಡಿಯದನ್ನು ಮುಂದಿನ ವರ್ಷ ಉದ್ದ ಮಾಡಲು ಬರುವುದಿಲ್ಲ. ಇದರಲ್ಲಿ ಬರುತ್ತೆ. ಮಕ್ಕಳು ಎತ್ತರ ಬೆಳೆಯುವಷ್ಟು ಬೇಗ ಎದೆ ಅಗಲ ಆಗುವುದಿಲ್ಲ. ಕತ್ತಿನಿಂದ ಶುರು ಮಾಡಿದ ಹೆಣಿಗೆ ಆದ್ದರಿಂದ ಅಂಚು ಬಿಚ್ಚಿ, ಅದೇ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಮೈಗೂ ತೋಳಿಗೂ ನಾಲ್ಕು ಸೆಂಟಿಮೀಟರ್ ಸೇರಿಸಬಹುದು. ಅದಕ್ಕೆ 150 ತೆಗೆದುಕೊಳ್ಳುತ್ತೇನೆ. ದಾರ ಕೊಳ್ಳುವಾಗಲೇ ಅದೇ ಲಾಟಿನದು (ಒಂದೇ ಸಲ ಬಣ್ಣ ಹಾಕಿದ್ದು) ಐವತ್ತು ಗ್ರಾಂ ಜಾಸ್ತಿ ತಂದು, ಮಗುವಿನ ಹೆಸರು ಬರೆದ ಚೀಲದಲ್ಲಿ ಎತ್ತಿಡುತ್ತೇನೆ. ಬೇರೆ ಲಾಟ್ ಆದರೆ ಬಣ್ಣ ಕೂಡುವುದಿಲ್ಲ.