ರೈಫಲ್ ನಳಿಗೆಯಲ್ಲಿ ಅಂಟಿದ ತಾಮ್ರ ತೆಗೆಯುವ ಬಗೆ

ಶಿರಸಿ ಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಇಟ್ಟುಕೊಳ್ಳುವ, ಸೀಸದ ಚರೆಯ ಕೋವಿಗಳಿಗೆ ನಳಿಗೆಯಲ್ಲಿ ತಾಮ್ರ ಅಂಟುವ ತೊಂದರೆಯಿಲ್ಲ. ತಾಮ್ರದ ಕವಚವಿರುವ ಗುಂಡು ಹಾರಿಸುವ ರೈಫಲ್‌ಗೆ ಮಾತ್ರ ಇದು ಅನ್ವಯಿಸುತ್ತದೆ. ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಾರೆ ನೋಡಿ, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು, ಮೊದಲು ಮದ್ದಿನ ಮಸಿಯನ್ನು ಒರೆಸಿದ ಮೇಲೆ, ಅಮೋನಿಯಾ ಇರುವ ತಾಮ್ರ ಕರಗಿಸುವ ದ್ರಾವಣವನ್ನು ಬಟ್ಟೆಯ ತುಂಡಿಗೆ ಹಚ್ಚಿ ನಳಿಗೆಯ ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಬೇಕು. ವಾಸನೆ ಘಾಟು, ಆದ್ದರಿಂದ ಜಗಲಿಯೇ ವಾಸಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒಣ ಬಟ್ಟೆ ತಳ್ಳಿದರೆ ಅದು ನೀಲಿ-ಹಸಿರಾಗಿ ಹೊರಬರುತ್ತದೆ; ಆ ಬಣ್ಣ ನಿಲ್ಲುವವರೆಗೂ ಮುಂದುವರಿಸಬೇಕು. ಹಿತ್ತಾಳೆಯ ಬ್ರಷ್ ಬಳಸಿದರೆ ಅದೇ ಕರಗಿ ಬಟ್ಟೆಯನ್ನು ನೀಲಿಯಾಗಿಸಿ, ಸ್ವಚ್ಛವಾದ ನಳಿಗೆಯಲ್ಲೂ ತಾಮ್ರ ಉಳಿದಂತೆ ತೋರಿಸುವುದರಿಂದ ನೈಲಾನ್ ಬ್ರಷ್ಷೇ ಸೂಕ್ತ. ದ್ರಾವಣವನ್ನು ರಾತ್ರಿಯಿಡೀ ಬಿಡದೆ ಪೂರ್ತಿ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಕಾರವಾರದ ಉಪ್ಪುಗಾಳಿಯಲ್ಲಂತೂ ಇದನ್ನು ತಪ್ಪಿಸುವಂತಿಲ್ಲ. ಮತ್ತೆ ಹಾರಿಸುವ ಮುನ್ನ ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು.