ಪಿಟೀಲು ಸಿಕ್ಕಿತು, ತಂತಿಗೆ ದುಡ್ಡು ಯಾರು ಕೊಡ್ತಾರೆ?

ಮೈಸೂರಿನಿಂದ ಟಿ. ನರಸೀಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಸರ್ಕಾರಿ ಶಾಲೆ ಇದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಲ್ಲಿ 12 ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಇವರ ಅಪ್ಪ ಅಮ್ಮ ಗಾರೆ ಕೆಲಸಕ್ಕೋ ಗದ್ದೆ ಕೂಲಿಗೋ ಹೋಗುವವರು. ಫೀಸು ಇಲ್ಲ. ‘ಮತ್ತೆ ದುಡ್ಡು ಹೇಗೆ ಹೊಂದಿಸ್ತೀರಿ?’ ಎಂದು ಬೇರೆ ಊರಿನ ಮೇಷ್ಟ್ರುಗಳು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಸಹಾಯಾರ್ಥ ಕಛೇರಿ. ಕಛೇರಿ ನನಗೆ ಗೊತ್ತಿದ್ದ ಕೆಲಸ, ಅದಕ್ಕೇ ಅದನ್ನು ಹಿಡಿದೆ. ಸಭಾಂಗಣದ ಬಾಡಿಗೆ, ಮೈಕು, ಕರಪತ್ರ, ಪಕ್ಕವಾದ್ಯದವರ ಸಂಭಾವನೆ ಎಲ್ಲ ಸೇರಿ 38 ಸಾವಿರ ಆಯಿತು. ಬಂದದ್ದು 41 ಸಾವಿರ. ಎರಡು ತಿಂಗಳು ಓಡಾಡಿ ಉಳಿದದ್ದು 3 ಸಾವಿರ. ಆಮೇಲೆ ಆ ದಾರಿಗೆ ಹೋಗಲಿಲ್ಲ.

ಎರಡನೆಯ ಸಲ ದುಡ್ಡು ಕೇಳಲಿಲ್ಲ. ‘ನಿಮ್ಮ ಅಟ್ಟದ ಮೇಲೆ ಪಿಟೀಲು ಇದೆಯಾ?’ ಎಂದು ಗೊತ್ತಿದ್ದವರಿಗೆಲ್ಲ ವಾಟ್ಸ್ಆ್ಯಪ್ ಕಳಿಸಿದೆ. ಮೈಸೂರಿನಲ್ಲಿ ಇದನ್ನು ಧೈರ್ಯವಾಗಿ ಕೇಳಬಹುದು. ಒಂದು ವರ್ಷ ಕಲಿತು ಬಿಟ್ಟವರು ಎಷ್ಟು ಮನೆಗಳಲ್ಲಿಲ್ಲ! ಎರಡೇ ತಿಂಗಳಲ್ಲಿ 17 ಪಿಟೀಲು ಬಂದವು. ಒಬ್ಬ ಅಜ್ಜಿ ತೀರಿಹೋದ ಯಜಮಾನರ ಪಿಟೀಲನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿಕೊಂಡು ಆಟೋದಲ್ಲಿ ತಂದುಕೊಟ್ಟರು.

ಪೆಟ್ಟಿಗೆ ಬಿಚ್ಚಿ ನೋಡಿದರೆ ಪರಿಸ್ಥಿತಿ ಬೇರೆ. ಕೆಲವದರ ಅಂಟು ಬಿಟ್ಟಿತ್ತು. ಒಳಗೆ ನಿಲ್ಲಿಸುವ ಮರದ ಕಡ್ಡಿ, ಸೌಂಡ್ ಪೋಸ್ಟ್, ಬಿದ್ದು ಗಡಗಡ ಉರುಳುತ್ತಿತ್ತು. ಕಮಾನಿನ ಕೂದಲನ್ನು ಹುಳ ತಿಂದಿತ್ತು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಬಾಗಿತ್ತು, ತಂತಿ ಬಿಗಿಯುವ ಬಿರಡೆ ನಿಲ್ಲುತ್ತಿರಲಿಲ್ಲ. 17ರಲ್ಲಿ ಹಾಗೇ ನುಡಿಸಬಹುದಾದದ್ದು 4 ಮಾತ್ರ. ರಿಪೇರಿಯವರು ಇನ್ನೂ 7ನ್ನು ಎಬ್ಬಿಸಿ ಕೂರಿಸಿದರು. ಉಳಿದವುಗಳ ಬಿರಡೆ, ಬಾಲ, ಗದ್ದದ ಪಟ್ಟಿ ಬಿಚ್ಚಿ ಬಿಡಿಭಾಗಕ್ಕೆ ಇಟ್ಟುಕೊಂಡೆವು.

ಇನ್ನೊಂದು ತೊಂದರೆ ಅಳತೆಯದು. ಅಟ್ಟದಿಂದ ಇಳಿದವೆಲ್ಲ ಹೆಚ್ಚು ಕಡಿಮೆ ಪೂರ್ಣ ಅಳತೆಯವು. ಎಂಟು ವರ್ಷದ ಮಗುವಿಗೆ ಬೇಕಾದದ್ದು ಅರ್ಧ ಅಳತೆ, ಆಮೇಲೆ ಮುಕ್ಕಾಲು. ದೊಡ್ಡ ಪಿಟೀಲು ಕೊಟ್ಟರೆ ಬೆರಳು ಎಟುಕುವುದಿಲ್ಲ, ಶ್ರುತಿ ತಪ್ಪುತ್ತದೆ. ಮಗು ‘ನನಗೆ ಬರಲ್ಲ’ ಎಂದುಕೊಂಡು ಸುಮ್ನೆ ಕೂತುಬಿಡುತ್ತದೆ. ಹಾಗಾಗಿ ಚಿಕ್ಕ ಪಿಟೀಲುಗಳನ್ನು ಕೊಂಡೇ ತೀರಬೇಕಾಯಿತು. ಯಾವುದನ್ನೂ ಮಕ್ಕಳಿಗೆ ಪೂರ್ತಿ ಕೊಡುವುದಿಲ್ಲ. ಲೈಬ್ರರಿ ಪುಸ್ತಕದ ಹಾಗೆ ಎರವಲು. ಕೈ ಬೆಳೆದಾಗ ವಾಪಸ್ಸು ಕೊಟ್ಟು ದೊಡ್ಡದು ತೆಗೆದುಕೊಳ್ಳಬೇಕು.

ವಾದ್ಯ ಸಿಕ್ಕರೆ ಕೆಲಸ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಖರ್ಚು ಶುರುವಾಗುವುದೇ ಅಲ್ಲಿಂದ. ತೀರಾ ತೆಳುವಾದ ಮೊದಲ ತಂತಿ, ಮಧ್ಯ ಪಂಚಮದ್ದು, ಕಲಿಯುವವರ ಕೈಯಲ್ಲಿ ಪಟ್ ಎಂದು ಹೋಗುತ್ತದೆ. ಮಳೆಗಾಲದಲ್ಲಿ ಬಿರಡೆ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಒಂದು ತಂತಿ ಇಲ್ಲದೆ ಎರಡು ವಾರ ಕೂತ ಹುಡುಗ ಮೂರನೆಯ ವಾರ ಬರಲಿಲ್ಲ. ತಪ್ಪು ಅವನದಲ್ಲ, ಡಬ್ಬದಲ್ಲಿ ತಂತಿ ಇಡದ ನನ್ನದು.

ಅವತ್ತು ಕೂತು ಲೆಕ್ಕ ಹಾಕಿದೆ. ತಂತಿ, ಕಮಾನಿಗೆ ಉಜ್ಜುವ ರಾಳ, ಕಮಾನಿಗೆ ಹೊಸ ಕೂದಲು, ರಿಪೇರಿ, ಪಾಠದ ಮೇಲೆ ತಿನ್ನಲು ಬಾಳೆಹಣ್ಣು, ಕಡಲೆಕಾಯಿ. ಒಂದು ಮಗುವಿಗೆ ವರ್ಷಕ್ಕೆ 3,600 ರೂಪಾಯಿ, ತಿಂಗಳಿಗೆ 300. ಅಲ್ಲಿಂದ ಮುಂದೆ ‘ಸಂಗೀತಕ್ಕೆ ಸಹಾಯ ಮಾಡಿ’ ಎಂದು ಕೇಳಿಲ್ಲ. ‘ಒಂದು ಪಿಟೀಲನ್ನು ಒಂದು ವರ್ಷ ಶ್ರುತಿಯಲ್ಲಿ ಇಡ್ತೀರಾ?’ ಎಂದು ಕೇಳಿದೆ. 300 ಎಂದರೆ ಜನ ಯೋಚನೆ ಮಾಡದೆ ಹೂಂ ಎನ್ನುತ್ತಾರೆ. ತಿಂಗಳು ತಿಂಗಳು ತಾನಾಗಿ ಬರುವ ಹಾಗೆ ಬ್ಯಾಂಕಿನಲ್ಲಿ ಬರೆಸಿಕೊಂಡರೆ ನೆನಪಿಸುವ ಮುಜುಗರವೂ ಇಲ್ಲ.

ಕೊಟ್ಟವರಿಗೆ ಮಕ್ಕಳ ಫೋಟೋ ಕಳಿಸುವುದಿಲ್ಲ. ಆ ಮಕ್ಕಳ ಬಡತನ ತೋರಿಸಿ ದುಡ್ಡು ಎತ್ತಲು ನನಗೆ ಮನಸ್ಸಿಲ್ಲ. ಬದಲಿಗೆ ಅರ್ಧ ನಿಮಿಷದ ಧ್ವನಿ ಕಳಿಸುತ್ತೇನೆ. ಜೂನ್‌ನಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಮೊದಲ ಪಾಠ, ಕಮಾನು ಕಿರ್ ಕಿರ್ ಎನ್ನುತ್ತಿರುತ್ತದೆ. ಅದೇ ಮಗು, ಅದೇ ವರಸೆ, ಜನವರಿಯಲ್ಲಿ. ಎರಡನ್ನೂ ಒಟ್ಟಿಗೆ ಕೇಳಿದ ಒಬ್ಬರು ಆಫೀಸಿನಲ್ಲೇ ಕಣ್ಣು ಒರೆಸಿಕೊಂಡೆ ಎಂದು ಬರೆದರು. ಮೊದಲ ವರ್ಷ ಕೊಟ್ಟ 14 ಜನರಲ್ಲಿ 11 ಜನ ಮುಂದುವರಿಸಿದ್ದು ಇದರಿಂದಲೇ ಎಂದು ನನ್ನ ನಂಬಿಕೆ.

ಕಾಗದ ಪತ್ರದ ಮಾತು ಬೇಸರ, ಆದರೆ ಬೇಕು. ನಾವು ಚಿಕ್ಕ ಟ್ರಸ್ಟ್ ಮಾಡಿ ಆದಾಯ ತೆರಿಗೆಯ 12ಎ (ಟ್ರಸ್ಟಿಗೆ ವಿನಾಯಿತಿ), 80ಜಿ (ಕೊಟ್ಟವರಿಗೆ ವಿನಾಯಿತಿ) ನೋಂದಣಿ ಮಾಡಿಸಿದೆವು. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಆ ರಸೀದಿಯಿಂದ ಲಾಭ. 2 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಹೊರದೇಶದ ಹಳೇ ಶಿಷ್ಯರು ದುಡ್ಡು ಕಳಿಸ್ತೀವಿ ಎಂದಾಗ ‘ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು?’ ಎಂದು ಕೇಳಬೇಕು. ಭಾರತದ್ದಾದರೆ ಅವರ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಪಡೆಯಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ. ಹಾಗೆ ಅಲ್ಲಿನ ಪೌರತ್ವ ಪಡೆದ ಒಬ್ಬ ಶಿಷ್ಯೆ ಪ್ರೀತಿಯಿಂದ ಕೊಡಲು ಬಂದಾಗ ಬೇಡ ಎನ್ನುವುದು ಕಷ್ಟವಾಯಿತು. ಅವಳು ಇಲ್ಲಿರುವ ತಮ್ಮನಿಗೆ ವಿಷಯ ಹೇಳಿದಳು. ಅವನು ತನ್ನ ದುಡ್ಡಿನಲ್ಲೇ ಎರಡು ಪಿಟೀಲುಗಳ ಖರ್ಚು ಹೊತ್ತ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೆ ಟ್ರಸ್ಟಿನ ಹಿಂದೆ ಮೂರು ವರ್ಷದ ಕೆಲಸ ಕಾಣಬೇಕು, ಅದಕ್ಕೆಂದೇ ಇರುವ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಬೇಕು. ಒಂದು ಕಂಪನಿ ಪಿಟೀಲುಗಳ ಮೈಮೇಲೆ ತನ್ನ ಲೋಗೋ ಅಂಟಿಸಲು ಕೇಳಿತು. ಪೆಟ್ಟಿಗೆಯ ಮೇಲೆ ಅಂಟಿಸಿ, ವಾದ್ಯದ ಮೇಲೆ ಬೇಡ ಎಂದೆ. ಆಮೇಲೆ ಅವರಿಂದ ಉತ್ತರ ಬರಲಿಲ್ಲ.

ನಾನು ಎಣಿಸದೇ ಇದ್ದ ದುಡ್ಡು ಬಂದದ್ದು ಹಳ್ಳಿಯ ಗಣೇಶನ ಪೆಂಡಾಲಿನಿಂದ. ಏಳು ತಂತಿಯ ಪಿಟೀಲಿನ ಚೌಡಯ್ಯನವರು ಹುಟ್ಟಿದ್ದು ಇಲ್ಲೇ ಟಿ. ನರಸೀಪುರದ ತಿರುಮಕೂಡಲಿನಲ್ಲಿ, 1895ರಲ್ಲಿ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲಿ ಎಂದು ಅವರು ತಂತಿ ಹೆಚ್ಚಿಸಿಕೊಂಡರು. ಇದನ್ನು ಕಮಿಟಿಯ ಹುಡುಗರಿಗೆ ಹೇಳಿದೆ. ‘ನಮ್ಮ ಕಡೆಯವರಾ ಸಾರ್?’ ಎಂದು ಕೇಳಿದರು. ಆರ್ಕೆಸ್ಟ್ರಾ ಶುರುವಾಗುವ ಮೊದಲು ನಮ್ಮ ಮಕ್ಕಳಿಗೆ ಹದಿನೈದು ನಿಮಿಷ ಕೊಟ್ಟರು. ಮಕ್ಕಳು ಎರಡು ಗೀತೆ ನುಡಿಸಿದರು. ಹುಂಡಿಯಲ್ಲಿ ಹತ್ತು, ಇಪ್ಪತ್ತರ ನೋಟುಗಳೇ ಜಾಸ್ತಿ. ಎಣಿಸಿದರೆ 6,240 ರೂಪಾಯಿ. ಕೊಟ್ಟವರಲ್ಲಿ ಆ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದರು.

ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. ಆ ಪಿಟೀಲು ನುಡಿಸಿದ ಮಕ್ಕಳ ಹೆಸರು ಅದರಲ್ಲಿ ಸಾಲಾಗಿ ಇದೆ. ಹೋದ ತಿಂಗಳು ಒಬ್ಬಳು ಅರ್ಧ ಅಳತೆಯದನ್ನು ವಾಪಸ್ಸು ತಂದಳು. ಅದನ್ನು ತೆಗೆದುಕೊಳ್ಳಲು ಬಂದ ಚಿಕ್ಕವಳಿಗೆ ಬಿರಡೆ ಹೇಗೆ ತಿರುಗಿಸಬೇಕು ಎಂದು ತೋರಿಸಿ, ಚೀಟಿಯಲ್ಲಿ ತನ್ನ ಹೆಸರಿನ ಕೆಳಗೆ ಬೆರಳಿಟ್ಟು, ‘ಇಲ್ಲಿ ಬರಿ’ ಎಂದಳು.